ಮೈನಸ್ ಮೂವತ್ತಕ್ಕೆ ಉಣ್ಣೆ ಬೂಟು: ಎರಡು ಚಳಿಗಾಲ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಬೂಟು ನೋಡೋಕೆ ಚೆನ್ನಾಗಿಲ್ಲ. ಆನೆಮರಿಯ ಕಾಲಿನ ಹಾಗಿದೆ. ಬೂದು ಬಣ್ಣ. ಮೊಣಕಾಲಿಗೆ ನಾಲ್ಕು ಬೆರಳು ಕೆಳಗಿನವರೆಗೂ ಬರುತ್ತೆ. ಎಡಗಾಲಿನದು ಯಾವುದು, ಬಲಗಾಲಿನದು ಯಾವುದು ಅಂತ ಮೊದಲ ವಾರ ಗೊತ್ತೇ ಆಗಲ್ಲ. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ನಮ್ಮವ್ವ "ಏನ್ ಮಗಾ ಅದು, ಕಾಲ್ಗೇನಾಯ್ತು?" ಅಂತ ಗಾಬರಿಯಾದರು. ಮೂಳೆ ಮುರಿದು ಸಿಮೆಂಟ್ ಪಟ್ಟಿ ಹಾಕಿದ್ದಾರೆ ಅಂದುಕೊಂಡಿದ್ದರಂತೆ.

ಆದರೂ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ನಾನು ಯಾರು, ನನಗ್ಯಾಕೆ ಈ ಬೂಟು ಬೇಕಾಯ್ತು ಅಂತ ಹೇಳದಿದ್ದರೆ ವಿಷಯ ಅರ್ಥ ಆಗಲ್ಲ. ಕನಕಪುರದ ಕಡೆಯ ಒಂದು ಕ್ರೈಸ್ತ ಹಳ್ಳಿಯವನು ನಾನು. ವಯಸ್ಸು 26. ಒಂದು ಕಥೋಲಿಕ ಸಭೆಯಲ್ಲಿ ಬ್ರದರ್, ಅಂದರೆ ಪಾದ್ರಿಯಾಗುವ ಗುರುದೀಕ್ಷೆ ಇನ್ನೂ ಆಗಿಲ್ಲ. ಫಿಲಾಸಫಿ ಮುಗಿಸಿ ಥಿಯಾಲಜಿ ಓದೋಕೆ ಹೋಗುವ ಮುಂಚೆ ಎರಡು ವರ್ಷ ಎಲ್ಲಾದರೂ ಮಿಷನ್ ಕೆಲಸಕ್ಕೆ ಹಾಕುತ್ತಾರೆ. ನನ್ನ ಜೊತೆಯವರನ್ನು ರಾಯಚೂರು, ಬೀದರ್ ಕಡೆ ಹಾಕಿದರು. ನನಗೆ ಮಂಗೋಲಿಯಾ ಬಂತು. "ಅಲ್ಲಿ ಚಳಿ ಇರುತ್ತಾ ಫಾದರ್?" ಅಂತ ಕೇಳಿದೆ. "ಸ್ವೆಟರ್ ಇಟ್ಕೋ" ಅಂದರು.

ಪ್ರಪಂಚದ ರಾಜಧಾನಿಗಳಲ್ಲೆಲ್ಲ ಅತಿ ಹೆಚ್ಚು ಚಳಿಯ ಊರು ಉಲಾನ್‌ಬಾತರ್. ಎತ್ತರ ಸುಮಾರು 1,350 ಮೀಟರ್, ಹತ್ತಿರದಲ್ಲಿ ಸಮುದ್ರ ಇಲ್ಲ, ಸುತ್ತ ಬೆಟ್ಟ. ಜನವರಿ ರಾತ್ರಿ ಮೈನಸ್ 30 ಅಂದರೆ ಇಲ್ಲಿ ಅದು ಸುದ್ದಿಯೇ ಅಲ್ಲ. ಮೂಗಿನೊಳಗಿನ ಕೂದಲು ಗಟ್ಟಿಯಾಗಿ ಚುಚ್ಚುತ್ತೆ. ಮಾಸ್ಕ್ ಹಾಕಿದರೆ ಉಸಿರಿನ ಆವಿ ರೆಪ್ಪೆಯ ಮೇಲೆ ಹಿಮವಾಗಿ ಕೂರುತ್ತೆ. ಆದರೆ ಮಾಸ್ಕ್ ಬಿಡೋಕೂ ಆಗಲ್ಲ. ಊರಿನ ಅಂಚಿನ ಗುಡ್ಡಗಳ ತುಂಬ ಗೆರ್ ಬಡಾವಣೆಗಳಿವೆ. ಗೆರ್ ಅಂದರೆ ದುಂಡನೆಯ ಫೆಲ್ಟ್ ಡೇರೆ, ಮಂಗೋಲರ ಮನೆ. ಅಲ್ಲೆಲ್ಲ ಒಲೆಗೆ ಕಲ್ಲಿದ್ದಲು. 2019ರಲ್ಲಿ ಹಸಿ ಕಲ್ಲಿದ್ದಲು ಸುಡಬಾರದು ಅಂತ ನಿಷೇಧ ಮಾಡಿ, ಒತ್ತಿ ಮಾಡಿದ ಕಲ್ಲಿದ್ದಲಿನ ಉಂಡೆ ಕೊಡೋಕೆ ಶುರುಮಾಡಿದರು. ಹೊಗೆ ಕಡಿಮೆಯಾಯ್ತು ಅಂತಾರೆ ಹಳಬರು. ಈಗಲೇ ಹೀಗಿದೆ, ಆಗ ಹೇಗಿತ್ತೋ.

ಬೆಂಗಳೂರಿನಿಂದ ಹೊರಡುವ ಮುಂಚೆ ಒಂದು ದೊಡ್ಡ ಅಂಗಡಿಯಲ್ಲಿ (ಹೆಸರು ಬೇಡ ಬಿಡಿ) ಏಳೂವರೆ ಸಾವಿರ ಕೊಟ್ಟು ಟ್ರೆಕ್ಕಿಂಗ್ ಶೂ ತಗೊಂಡಿದ್ದೆ. ದುಡ್ಡು ಊರಿನವರೆಲ್ಲ ಸೇರಿಸಿ ಕೊಟ್ಟದ್ದು, ಅದಕ್ಕೇ ಹೊಟ್ಟೆ ಉರಿಯೋದು. ಅಂಗಡಿ ಹುಡುಗ "ಸರ್, ಮೈನಸ್ ಮೂವತ್ತಕ್ಕೂ ಆರಾಮಾಗಿ ನಡಿಯುತ್ತೆ, ಲಡಾಖ್‌ಗೆ ಹೋಗೋರೆಲ್ಲ ಇದೇ ತಗೊಳ್ಳೋದು" ಅಂದ. ನಾನು 2023ರ ನವೆಂಬರ್‌ನಲ್ಲಿ ಬಂದಿಳಿದೆ. ಡಿಸೆಂಬರ್ ಮಧ್ಯಕ್ಕೆ ಶೂ ಅಟ್ಟೆ ಕಲ್ಲಿನಂತಾಯ್ತು. ಮೆತ್ತಗಿದ್ದರೆ ತಾನೇ ಹಿಡಿತ? ನೆಲದ ಮೇಲಿನ ಮಂಜುಗಡ್ಡೆಗೆ ಆ ಶೂ ಹಾಕಿ ನಡೆದರೆ ಪಾಚಿ ಕಟ್ಟಿದ ಬಾವಿಕಟ್ಟೆ ಮೇಲೆ ನಡೆದ ಹಾಗೆ. ಒಂದು ವಾರದಲ್ಲಿ ನಾಲ್ಕು ಸಲ ಬಿದ್ದೆ. ಕ್ರಿಸ್ಮಸ್ ಹಿಂದಿನ ದಿನ ಎಡಗಾಲಿನ ಅಟ್ಟೆ, ಬೆರಳು ಮಡಚುವ ಜಾಗದಲ್ಲಿ, ಅಡ್ಡಕ್ಕೆ ಬಿರುಕು ಬಿಟ್ಟಿತು. ಫೋಟೋ ತೆಗೆದು ಅಂಗಡಿಗೆ ಮೇಲ್ ಮಾಡಿದೆ. ಸಾಮಾನ್ಯ ಬಳಕೆಯಲ್ಲಿ ಆದ ಹಾನಿಗೆ ಮಾತ್ರ ವಾರಂಟಿ ಅಂತ ಉತ್ತರ ಬಂತು. ನಡೆದಾಡೋದಕ್ಕಿಂತ ಸಾಮಾನ್ಯ ಬಳಕೆ ಶೂಗೆ ಇನ್ನೇನಿದೆ ಅಂತ ವಾಪಸ್ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ.

ಇಲ್ಲಿ ಚಳಿಗಾಲವನ್ನು ಒಂಬತ್ತು ಒಂಬತ್ತು ದಿನಗಳಾಗಿ ಎಣಿಸುತ್ತಾರೆ. ಡಿಸೆಂಬರ್ 22ರ ಹೊತ್ತಿಗೆ ಶುರುವಾದರೆ ಒಟ್ಟು 81 ದಿನ. ಮೊದಲ ಒಂಬತ್ತರಲ್ಲಿ ಹಾಲಿನಿಂದ ಬಟ್ಟಿ ಇಳಿಸಿದ ಸಾರಾಯಿ ಹೆಪ್ಪುಗಟ್ಟುತ್ತೆ. ಮೂರನೆಯದರಲ್ಲಿ ಮೂರು ವರ್ಷದ ಎತ್ತಿನ ಕೊಂಬು ಹೆಪ್ಪುಗಟ್ಟುತ್ತೆ, ನಾಲ್ಕನೆಯದರಲ್ಲಿ ನಾಲ್ಕು ವರ್ಷದ ಎತ್ತಿನದು. ಐದನೆಯದಕ್ಕೆ ಬಂದರೆ ಬೇಯಿಸಿದ ಅನ್ನ ಹೆಪ್ಪುಗಟ್ಟುವುದು ನಿಲ್ಲುತ್ತೆ. ನಮ್ಮಪ್ಪ ಆರಿದ್ರಾ ಮಳೆ, ಮಘೆ ಮಳೆ ಅಂತ ಲೆಕ್ಕ ಹಾಕುತ್ತಾರಲ್ಲ, ಹಾಗೇ. ಈ ಲೆಕ್ಕದಲ್ಲಿ ಬೆಂಗಳೂರಿನ ಶೂ ಸಾರಾಯಿಯ ಜೊತೆಗೇ ಹೋಯ್ತು. ಎತ್ತಿನ ಕೊಂಬಿನವರೆಗೂ ತಡೆಯಲಿಲ್ಲ.

ನಮ್ಮ ಅಡುಗೆ ಮನೆ ನೋಡಿಕೊಳ್ಳುವ ಅಕ್ಕ ಒಬ್ಬರಿದ್ದಾರೆ. ಇಲ್ಲಿ ಅಕ್ಕನಿಗೆ ಎಗ್ಚ್ ಅನ್ನುತ್ತಾರೆ, ನಾನೂ ಹಾಗೇ ಕರೆಯೋದು. ಭಾನುವಾರ ಪೂಜೆ ಮುಗಿದ ಮೇಲೆ ನನ್ನ ಶೂ ನೋಡಿದರು, ಏನೂ ಮಾತಾಡದೆ ಕೋಟು ಹಾಕಿಕೊಂಡರು, ಕೈ ಹಿಡಿದು ಬಸ್ ಹತ್ತಿಸಿದರು. ಹೋದದ್ದು ನರಾನ್‌ತೂಲ್ ಮಾರುಕಟ್ಟೆಗೆ. ನಮ್ಮ ಕೆ.ಆರ್. ಮಾರ್ಕೆಟ್ಟನ್ನೂ ಚಿಕ್ಕಪೇಟೆಯನ್ನೂ ಒಟ್ಟಿಗೆ ಫ್ರಿಜ್‌ನಲ್ಲಿಟ್ಟ ಹಾಗಿದೆ. ಕುದುರೆ ಜೀನು, ಗೆರ್‌ನ ಬಣ್ಣದ ಬಾಗಿಲು, ಒಲೆ, ಕಾರ್ಪೆಟ್ಟು, ಚೀನಾ ಜಾಕೆಟ್ಟು, ಎಲ್ಲವೂ ಇದೆ. ಮಾರುವವರು ಆ ಚಳಿಯಲ್ಲಿ ಬೆಳಗಿನಿಂದ ಸಂಜೆವರೆಗೂ ನಿಂತಿರುತ್ತಾರೆ. ಅವರ ಕಾಲು ನೋಡಿದೆ. ಹೆಚ್ಚಿನವರ ಕಾಲಲ್ಲಿ ಇದ್ದದ್ದು ಇದೇ ಆನೆಮರಿ ಬೂಟು. ಅಂಗಡಿ ಹುಡುಗನ ಮಾತಿಗಿಂತ ಇದು ನಂಬುವಂಥ ಜಾಹೀರಾತು, ಅಲ್ವಾ?

ಎಸ್ಗಿ ಗುತಾಲ್ ಅಂತ ಇದರ ಹೆಸರು. ಎಸ್ಗಿ ಅಂದರೆ ಫೆಲ್ಟ್, ಗುತಾಲ್ ಅಂದರೆ ಬೂಟು. ಮಾರುವ ಅಜ್ಜಿ ನನಗೆ ಸೈಜು ಕೇಳಲಿಲ್ಲ. ಮೊದಲು ದಪ್ಪ ಕಾಲುಚೀಲ ಹಾಕಿಸಿದರು. ಆಮೇಲೆ ಬೂಟಿಗೆ ಕಾಲು ತೂರಿಸಿ, ಹಿಮ್ಮಡಿಯ ಹಿಂದೆ ತಮ್ಮ ಎರಡು ಬೆರಳು ಇಳಿಸಿ ನೋಡಿದರು. ಬೆರಳು ಬಿಗಿಯಾಯ್ತು. ತಲೆಯಾಡಿಸಿ ಇನ್ನೂ ದೊಡ್ಡದು ಕೊಟ್ಟರು. ನನಗೆ ದೊಗಳೆ ಅನ್ನಿಸಿ ಬೇಡ ಅಂದೆ. ಅಜ್ಜಿ ನನ್ನ ಕಾಲ್ಬೆರಳು ಹಿಸುಕಿ, ಬೆರಳು ಮುರಿದು ಬೀಳುವ ಹಾಗೆ ನಟನೆ ಮಾಡಿ ತೋರಿಸಿದರು. ಎಗ್ಚ್ ನಕ್ಕರು. ನಾನು ದೊಡ್ಡದೇ ತಗೊಂಡೆ. 80,000 ತುಗ್ರಿಕ್ ಕೇಳಿದರು, 75,000ಕ್ಕೆ ಕೊಟ್ಟರು. ಆಗಿನ ಲೆಕ್ಕದಲ್ಲಿ ನಮ್ಮ ದುಡ್ಡು ಸುಮಾರು 1,800 ರೂಪಾಯಿ. ಏಳೂವರೆ ಸಾವಿರದ ಮುಂದೆ ಇದು.

ಅಜ್ಜಿ ಹೇಳಿದ್ದರಲ್ಲಿ ಸತ್ಯ ಇದೆ. ಬೂಟು ಬಿಗಿಯಾದರೆ ರಕ್ತ ಸರಿಯಾಗಿ ಓಡಲ್ಲ, ಓಡದಿದ್ದರೆ ಎಷ್ಟು ದಪ್ಪ ಉಣ್ಣೆ ಇದ್ದರೂ ಬೆರಳು ತಣ್ಣಗಾಗುತ್ತೆ. ಬೆಚ್ಚಗಿಡೋದು ಉಣ್ಣೆಯಲ್ಲ, ಉಣ್ಣೆಯೊಳಗೆ ಸಿಕ್ಕಿಬಿದ್ದ ಗಾಳಿ. ನಮ್ಮ ಕುರುಬರ ಕಂಬಳಿ ನೂಲು ತೆಗೆದು ನೇಯ್ದದ್ದು. ಫೆಲ್ಟ್ ಹಾಗಲ್ಲ, ಅದಕ್ಕೆ ನೂಲೂ ಇಲ್ಲ ಮಗ್ಗವೂ ಇಲ್ಲ. ಉಣ್ಣೆ ಹಿಂಜಿ, ಹರಡಿ, ನೀರು ಚಿಮುಕಿಸಿ, ಸುತ್ತಿ, ಉರುಳಿಸಿ ಒತ್ತುತ್ತಾರೆ. ಕುರಿ ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಹುರುಪೆ ಇರುತ್ತಲ್ಲ, ಅವು ಒಂದಕ್ಕೊಂದು ಕಚ್ಚಿಕೊಂಡು ಬಿಡಿಸಲಾಗದಂಥ ಹಾಳೆ ಆಗುತ್ತೆ. ಗೆರ್‌ನ ಗೋಡೆಯೂ ಇದರದ್ದೇ. ಅಂದರೆ ನಾನು ಕಾಲಿಗೆ ಎರಡು ಪುಟ್ಟ ಮನೆ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ನನ್ನ ಜೋಡಿಗೆ ಅಡಿಯಲ್ಲಿ ತೆಳು ರಬ್ಬರ್ ಅಟ್ಟೆ ಅಂಟಿಸಿದ್ದಾರೆ, ಆ ಅಟ್ಟೆಯ ಕತೆ ಆಮೇಲೆ.

ಬೂಟು ಎಷ್ಟು ಕೆಲಸ ಮಾಡುತ್ತೆ ಅಂತ ತಿಳಿಯಬೇಕಾದರೆ ನನ್ನ ಒಂದು ದಿನ ನೋಡಿ. ಮಿಷನರಿ ಅಂದ ಕೂಡಲೇ ಊರಲ್ಲಿ ಒಬ್ಬೊಬ್ಬರು ಒಂದೊಂದು ಕಲ್ಪನೆ ಮಾಡಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಚಳಿಗಾಲದಲ್ಲಿ ನನ್ನ ಮುಖ್ಯ ಕೆಲಸ ನಡೆಯೋದು, ಕೂರೋದು, ಬೂದಿ ಹೊರೋದು.

ಐದೂವರೆಗೆ ಏಳುತ್ತೇವೆ. ಮನೆಯ ಚಿಕ್ಕ ಚಾಪೆಲ್‌ನಲ್ಲಿ ಪ್ರಾರ್ಥನೆ, ಪೂಜೆ. ನಾವಿರುವುದು ಸೋವಿಯತ್ ಕಾಲದ ಮಾದರಿಯ ಕಟ್ಟಡದಲ್ಲಿ. ಊರಿನ ಇಂಥ ಕಟ್ಟಡಗಳಿಗೆ ವಿದ್ಯುತ್ ಸ್ಥಾವರಗಳಿಂದ ಬಿಸಿನೀರು ಪೈಪಿನಲ್ಲಿ ಬರುತ್ತೆ, ಸೆಪ್ಟೆಂಬರ್ 15ರಿಂದ ಮೇ 15ರವರೆಗೆ. ಹಾಗಾಗಿ ಒಳಗೆ ಬನಿಯನ್‌ನಲ್ಲಿ ಕೂರಬಹುದು. ಏಳಕ್ಕೆ ಹೊರಗೆ ಹಿಮ ಗುಡಿಸಬೇಕು. ಆಗಿನ್ನೂ ಕಗ್ಗತ್ತಲು. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟೋದೇ ಎಂಟೂವರೆ ದಾಟಿದ ಮೇಲೆ, ಸಂಜೆ ಐದಕ್ಕೆ ಮುಳುಗಿಯೂ ಆಯ್ತು. ಒಂಬತ್ತಕ್ಕೆ ಭಾಷೆ ಕ್ಲಾಸು. ಮಂಗೋಲಿಯನ್ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ವಿಭಕ್ತಿ ಪ್ರತ್ಯಯ ಹಿಂದೆ ಅಂಟುತ್ತೆ. ಕನ್ನಡದವನಿಗೆ ಅರ್ಧ ಕೆಲಸ ಉಳಿತಾಯ. ಇಟಲಿಯ ಫಾದರ್ ಒಬ್ಬರು ನನ್ನ ಮೇಲೆ ಇದಕ್ಕೇ ಹೊಟ್ಟೆಕಿಚ್ಚು ಪಡುತ್ತಾರೆ. ಆದರೆ ಉಚ್ಚಾರಣೆ ನನಗೂ ಇನ್ನೂ ಬಂದಿಲ್ಲ. ಗಂಟಲಿನ ಖ ಹೇಳುವಾಗ ಮಕ್ಕಳು ಕೆಮ್ಮುತ್ತಾರೆ.

ಮಧ್ಯಾಹ್ನದಿಂದ ಮಕ್ಕಳ ಕೇಂದ್ರ. ಗೆರ್ ಬಡಾವಣೆಯ ಮಕ್ಕಳು ಶಾಲೆ ಮುಗಿಸಿ ಬರುತ್ತಾರೆ, ಮನೆಯವರು ಬರೆದುಕೊಟ್ಟ ಒಪ್ಪಿಗೆ ಪತ್ರ ಇದ್ದವರು ಮಾತ್ರ. ಬಿಸಿ ಊಟ, ಹೋಂವರ್ಕ್, ಇಂಗ್ಲಿಷ್, ಬಾಸ್ಕೆಟ್‌ಬಾಲ್. ಇದರಲ್ಲಿ ಬೋಧನೆ ಏನೂ ಇಲ್ಲ. ಬೀದಿಯಲ್ಲಿ ನಿಂತು ಯೇಸುವಿನ ವಿಷಯ ಹೇಳುವ ರೂಢಿ ನಮ್ಮಲ್ಲಿಲ್ಲ. ಇಡೀ ದೇಶದಲ್ಲಿ ಕಥೋಲಿಕರು ಇರೋದೇ ಸುಮಾರು 1,450 ಜನ, ನಮ್ಮೂರ ಜಾತ್ರೆಗೆ ಇದಕ್ಕಿಂತ ಜಾಸ್ತಿ ಸೇರುತ್ತಾರೆ. 1992ರಲ್ಲಿ ಮೂವರು ಮಿಷನರಿಗಳು ಬಂದು ಇಳಿದಾಗ ಇಲ್ಲಿ ಕಥೋಲಿಕ ಸಭೆಯೇ ಇರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಬಂದು ಹೋದರು. ನಾನು ಎರಡು ತಿಂಗಳು ತಡ.

ಸಂಜೆ ಮನೆಮನೆ ಭೇಟಿ. ಬೂಟಿಗೆ ನಿಜವಾದ ಪರೀಕ್ಷೆ ಇಲ್ಲಿ. ಗುಡ್ಡದ ಮೇಲೆ ಹತ್ತಬೇಕು. ದಾರಿಯಲ್ಲಿ ಮಕ್ಕಳು ನೀರಿನ ಕ್ಯಾನು ಎಳೆದುಕೊಂಡು ಬರುತ್ತಿರುತ್ತಾರೆ, ಯಾಕೆಂದರೆ ಅಲ್ಲಿ ನಲ್ಲಿ ಇಲ್ಲ, ನೀರಿನ ಗೂಡಂಗಡಿಯಿಂದ ದುಡ್ಡು ಕೊಟ್ಟು ತರಬೇಕು. ಚೆಲ್ಲಿದ ನೀರು ದಾರಿಯಲ್ಲೇ ಗಾಜಾಗಿರುತ್ತೆ. ಕ್ಯಾನು ತಳ್ಳಿಕೊಡುವುದು, ಒಂಟಿ ಅಜ್ಜಿಯರ ಒಲೆಯ ಬೂದಿ ಎತ್ತಿ ಹೊರಗೆ ಹಾಕುವುದು, ಕಲ್ಲಿದ್ದಲಿನ ಚೀಲ ಒಳಗೆ ತಂದಿಡುವುದು. ಆಮೇಲೆ ಕೂರೋದು. ಗೆರ್ ಬಾಗಿಲು ದಕ್ಷಿಣಕ್ಕೆ, ಹೊಸ್ತಿಲು ತುಳಿಯಬಾರದು, ದಾಟಬೇಕು. ಇದನ್ನು ಮಾತ್ರ ನನಗೆ ಯಾರೂ ಕಲಿಸಬೇಕಾಗಲಿಲ್ಲ, ನಮ್ಮಜ್ಜಿ ಕಲಿಸಿದ್ದರು. ಒಳಗೆ ಹೋದ ಕೂಡಲೇ ಕನ್ನಡಕ ಬೆಳ್ಳಗಾಗಿ ಕುರುಡನಾಗುತ್ತೇನೆ. ಯಾರೋ ಕೈಗೆ ಬಟ್ಟಲು ಕೊಡುತ್ತಾರೆ, ಬಲಗೈಯಲ್ಲಿ, ಎಡಗೈ ಮೊಣಕೈಗೆ ಆನಿಸಿ. ಉಪ್ಪು ಹಾಕಿದ ಹಾಲಿನ ಚಹಾ, ಸೂತೇ ತ್ಸಾಯ್. ಮೊದಲ ಸಲ ಗಂಟಲಲ್ಲಿ ಇಳಿಯಲಿಲ್ಲ. ಈಗ ಸಕ್ಕರೆ ಚಹಾ ಕುಡಿದರೆ ಏನೋ ಕಡಿಮೆ ಅನ್ನಿಸುತ್ತೆ.

ಬೆಂಗಳೂರಿನ ಶೂ ಇದ್ದಾಗ ಒಂದು ಮನೆಯಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರೋಕೆ ಆಗುತ್ತಿರಲಿಲ್ಲ. ಹೊರಗೆ ಜೋಮು ಹಿಡಿದ ಬೆರಳು ಒಳಗೆ ಬಿಸಿ ತಾಗಿದ ಕೂಡಲೇ ಸೂಜಿ ಚುಚ್ಚಿದ ಹಾಗೆ ಉರಿಯುತ್ತಿತ್ತು, ಅಜ್ಜಿ ತನ್ನ ಮಗನ ವಿಷಯ ಹೇಳುತ್ತಿದ್ದರೆ ನನ್ನ ಗಮನವೆಲ್ಲ ಹೆಬ್ಬೆರಳ ಮೇಲೆ, ಯಾವಾಗ ಮುಗಿಸುತ್ತಾರೋ ಅಂತ ಮುಖದ ಮೇಲೆ ನಗು ಅಂಟಿಸಿಕೊಂಡು ಕೂತಿರುತ್ತಿದ್ದೆ. ಉಣ್ಣೆ ಬೂಟು ಹಾಕಿದ ಮೊದಲ ವಾರ ಅದೇ ಮನೆಯಲ್ಲಿ ಒಂದೂವರೆ ಗಂಟೆ ಕೂತೆ. ಆ ಚಳಿಗಾಲ ಝುಡ್ ಬಂದಿತ್ತು. ಹಿಮ ಜಾಸ್ತಿ ಬಿದ್ದು, ಮೇವು ಸಿಗದೆ, ಲಕ್ಷಗಟ್ಟಲೆ ಕುರಿ ಮೇಕೆ ದನ ಸತ್ತವು. ಆ ಅಜ್ಜಿಯ ಮಗ ಹಳ್ಳಿಗಾಡಿನಲ್ಲಿ ಕುರಿ ಇಟ್ಟುಕೊಂಡಿದ್ದ. ಎಷ್ಟು ಹೋದವು ಅಂತ ಫೋನಿನಲ್ಲಿ ಹೇಳುತ್ತಲೇ ಇಲ್ಲವಂತೆ. ನನಗೆ ಅರ್ಧ ಮಾತು ಅರ್ಥವಾಯ್ತು. ಕೂತಿದ್ದೆ, ಅಷ್ಟೇ.

ಇನ್ನು ಬಸ್ಸಿನ ಕತೆ. ಈ ಬೂಟು ತುಂಬಾ ಅಗಲ, ತುದಿ ಎಲ್ಲಿದೆ ಅಂತ ಕಾಲಿಗೆ ಗೊತ್ತಾಗಲ್ಲ. ತುಂಬಿದ ಬಸ್ಸಿನಲ್ಲಿ ದಿನಕ್ಕೆ ಮೂರು ನಾಲ್ಕು ಜನರ ಕಾಲು ತುಳಿಯುತ್ತೇನೆ. ಬೆಂಗಳೂರಾಗಿದ್ದರೆ ಬೈಸಿಕೊಂಡು ಮುಗಿಯುತ್ತಿತ್ತು. ಇಲ್ಲಿ ಕಾಲು ತಾಗಿದರೆ ತಕ್ಷಣ ಕೈಕುಲುಕಬೇಕು. ಮಾತಾಡಬೇಕಾಗಿಲ್ಲ, ನಗಬೇಕಾಗೂ ಇಲ್ಲ, ಸುಮ್ನೆ ಕೈ ಚಾಚಿದರೆ ಅವರೂ ಚಾಚುತ್ತಾರೆ, ಅಲ್ಲಿಗೆ ಮನಸ್ಸಿನಲ್ಲಿ ಏನೂ ಉಳಿಯಲಿಲ್ಲ ಅಂತ ಲೆಕ್ಕ. ಮೊದಲ ಚಳಿಗಾಲ ಭಾಷೆ ಬಾರದೆ ಯಾರ ಜೊತೆಯೂ ಮಾತಿಲ್ಲದೆ ಇದ್ದಾಗ, ದಿನಕ್ಕೆ ನಾಲ್ಕು ಜನ ಅಪರಿಚಿತರು ನನ್ನ ಕೈ ಹಿಡಿಯುತ್ತಿದ್ದದ್ದು ಈ ಬೂಟಿನಿಂದ. ಒಬ್ಬ ಮುದುಕರು ಎಲ್ಲಿಯವನು ಅಂತ ಕೇಳಿದರು. "ಎನೆಥೆಗ್" ಅಂದೆ, ಭಾರತ ಅಂತ. ಇಲ್ಲಿನವರು ಬೌದ್ಧರಲ್ವಾ, ಭಾರತ ಅಂದರೆ ಬುದ್ಧನ ನಾಡು ಅಂತ ಗೌರವ. ಎರಡೂ ಕೈಯಿಂದ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ನಾನು ಯಾವ ಕೆಲಸಕ್ಕೆ ಬಂದವನು ಅಂತ ಅವರಿಗೆ ಹೇಳೋಕೆ ಆಗಲಿಲ್ಲ, ಸ್ಟಾಪ್ ಬಂತು, ಇಳಿದರು.

ಸರಿ, ದೂರುಗಳಿಗೆ ಬರೋಣ.

ಮಂಡಿ ಊರೋಕೆ ಆಗಲ್ಲ. ಮೇಲಿನ ಅಂಚು ಮೊಣಕಾಲಿನ ಹಿಂದೆ ಒತ್ತುತ್ತೆ. ಸಂತ ಪೇತ್ರ ಮತ್ತು ಪೌಲರ ಪ್ರಧಾನ ದೇವಾಲಯಕ್ಕೆ (2003ರಲ್ಲಿ ಪ್ರತಿಷ್ಠೆಯಾದದ್ದು, ಗೆರ್ ಆಕಾರದಲ್ಲಿ ಇಟ್ಟಿಗೆಯಲ್ಲಿ ಕಟ್ಟಿದ್ದಾರೆ, ಬಂದರೆ ನೋಡಿ) ಈ ಬೂಟು ಹಾಕಿ ಹೋದರೆ ಎಲ್ಲರೂ ಮಂಡಿಯೂರಿದಾಗ ನಾನು ಅರ್ಧ ಬಾಗಿದ ಒಂಟೆಯಂತೆ ಇರುತ್ತೇನೆ. ಬ್ರದರ್ ಆದವನಿಗೆ ಇದು ಸಣ್ಣ ದೋಷವಲ್ಲ. ಎಗ್ಚ್ ಮೇಲಿನ ಎರಡು ಇಂಚು ಮಡಚಿ ಕೊಟ್ಟ ಮೇಲೆ ಸ್ವಲ್ಪ ವಾಸಿ.

ಎರಡನೆಯದು ಒದ್ದೆ. ಮೈನಸ್ 20ರ ಕೆಳಗೆ ಹಿಮ ಒಣ ಪುಡಿ, ಕೊಡವಿದರೆ ಹೋಗುತ್ತೆ. ಮಾರ್ಚ್ ಕೊನೆಯಿಂದ ಮಧ್ಯಾಹ್ನ ಕರಗೋಕೆ ಶುರು. ಆಗ ಇದು ನೀರು ಕುಡಿದು ಎರಡು ಬಕೆಟ್ ಹೊತ್ತ ಹಾಗಾಗುತ್ತೆ. ಆಮೇಲೆ ಕುರಿ ಹಟ್ಟಿಯ ವಾಸನೆ ಬೇರೆ. ಹಾಗಾಗಿ ಟೊರಾಂಟೊ, ಲಂಡನ್, ಜರ್ಮನಿಯಲ್ಲಿ ಇರುವ ನಮ್ಮವರು ಇದನ್ನು ತರಿಸಿಕೊಳ್ಳಬೇಡಿ. ನಿಮ್ಮಲ್ಲಿ ಒದ್ದೆ ಹಿಮ, ಉಪ್ಪು ಚೆಲ್ಲಿದ ರಸ್ತೆ. ಒಂದೇ ವಾರಕ್ಕೆ ಹಾಳು. ಮನಾಲಿಗೆ ಮೂರು ದಿನ ಹೋಗೋರಿಗೂ ಬೇಡ.

ಮೂರನೆಯದು ಅಟ್ಟೆ. ಮೊದಲ ಚಳಿಗಾಲ ಮುಗಿಯುವ ಮುಂಚೆಯೇ ಬಲಗಾಲಿನದು ಬಾಯಿ ಬಿಟ್ಟಿತು. ಅಂಟಿಸಿದ್ದು ತಾನೇ. ರಸ್ತೆ ಬದಿಯ ಚಪ್ಪಲಿ ರಿಪೇರಿಯವರು ಸೂಜಿದಾರದಲ್ಲಿ ಸುತ್ತ ಹೊಲಿದು ಕೊಟ್ಟರು, ಆಮೇಲೆ ಏನೂ ಆಗಿಲ್ಲ. ನೀವು ತಗೊಂಡರೆ ಹೊಲಿದ ಅಟ್ಟೆಯದೇ ಕೇಳಿ ತಗೊಳ್ಳಿ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೇ, ಮಂಡಿಗಲ್ಲ.

ಜೊತೆಗೆ ತಗೊಂಡ ಒಂಟೆ ಉಣ್ಣೆಯ ಕಾಲುಚೀಲದ ಬಗ್ಗೆ ಎರಡು ಮಾತು. ಜೋಡಿಗೆ 12,000 ತುಗ್ರಿಕ್. ಮೊದಲೆರಡು ದಿನ ಚುಚ್ಚುತ್ತೆ, ಆಮೇಲೆ ಇಲ್ಲದಿದ್ದರೆ ನಿದ್ದೆ ಬರಲ್ಲ. ಬಿಸಿನೀರಿನಲ್ಲಿ ಒಗೆಯಬೇಡಿ. ನಾನು ವಾಷಿಂಗ್ ಮಷೀನಿಗೆ ಹಾಕಿದೆ. ಈಗ ಅದನ್ನು ಕೇಂದ್ರದ ಏಳು ವರ್ಷದ ಹುಡುಗಿ ಹಾಕಿಕೊಳ್ಳುತ್ತಿದ್ದಾಳೆ, ಅವಳಿಗೆ ಸರಿಯಾಗಿ ಕೂತಿದೆ.

ದಿನದ ಆರೈಕೆ ಇಷ್ಟೇ. ರಾತ್ರಿ ಬೂಟಿನೊಳಗೆ ಹಳೆ ಪೇಪರ್ ತುರುಕಿ ಪೈಪಿನಿಂದ ಒಂದು ಮೊಳ ದೂರ ಇಡಬೇಕು. ತೀರಾ ಹತ್ತಿರ ಇಟ್ಟರೆ ಗಟ್ಟಿಯಾಗುತ್ತೆ. ಕಾಲು ಬೆವರಿದ ತೇವ ಒಣಗದೆ ಹಾಗೇ ಹಾಕಿಕೊಂಡು ಹೊರಗೆ ಹೋದರೆ ಉಣ್ಣೆ ಇದ್ದೂ ಇಲ್ಲದ ಹಾಗೆ. ಅಪಾರ್ಟ್‌ಮೆಂಟ್ ಮನೆಗೆ ಹೋದರೆ ಬೂಟು ಬಿಚ್ಚಬೇಕು, ಆಗ ಒಂದು ಸುಖ ಇದೆ: ಲೇಸ್ ಇಲ್ಲ, ಜಿಪ್ ಇಲ್ಲ, ಕಾಲು ಝಾಡಿಸಿದರೆ ಬರುತ್ತೆ.

ಈಗ ಮೇ ತಿಂಗಳು, ಎರಡನೇ ಚಳಿಗಾಲ ಮುಗಿದಿದೆ. ಬೇಸಿಗೆಯಲ್ಲಿ ಉಣ್ಣೆಗೆ ನುಸಿ ಬೀಳುತ್ತೆ ಅಂತ ಎಗ್ಚ್ ಎಚ್ಚರಿಸಿದ್ದಾರೆ. ಊರಲ್ಲಾದರೆ ಬೇವಿನ ಸೊಪ್ಪು ಹಾಕಿ ಕಟ್ಟಿಡುತ್ತಿದ್ದೆ. ಇಲ್ಲಿ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಕೋಲಿನಿಂದ ಬಡಿದು, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಇಟ್ಟಿದ್ದೇನೆ. ಜುಲೈನಲ್ಲಿ ನಾನು ವಾಪಸ್ ಹೊರಡಬೇಕು, ಕೇರಳದಿಂದ ಹೊಸ ಬ್ರದರ್ ಬರುತ್ತಾರೆ. ಫೋನ್ ಮಾಡಿ ಕಾಲಿನ ಸೈಜು ಕೇಳಿದೆ, ಎಂಟು ಅಂದರು. ನನ್ನದು ಒಂಬತ್ತು, ಬೂಟು ಅದಕ್ಕೂ ಒಂದು ಸೈಜು ದೊಡ್ಡದು. ಎರಡು ಜೋಡಿ ಕಾಲುಚೀಲ ಹಾಕಿಕೊಂಡರೆ ಆಗುತ್ತೆ ಅಂದೆ. ಅವರು, "ಪರವಾಗಿಲ್ಲ ಬ್ರದರ್, ನಾನು ಇಲ್ಲೇ ಒಳ್ಳೆ ಟ್ರೆಕ್ಕಿಂಗ್ ಶೂ ನೋಡಿಟ್ಟಿದ್ದೀನಿ" ಅಂತಿದ್ದಾರೆ.